ಆರ್ಲೋ ಶುರು ಮಾಡಿದ ಸಾದಾ ಪಿಸ್ತೂಲಿನ ಪಂದ್ಯ

ಅಮೆರಿಕದ ಮೊಂಟಾನಾದ ಒಂದು ಸಣ್ಣ ಊರಿನಲ್ಲಿ ಆರ್ಲೋ ಸ್ಟೆನ್‌ಬರ್ಗ್‌ನ ಹೊಟ್ಟೆ ತುಂಬುತ್ತಿದ್ದದ್ದು ಗುರಿ ಪಂದ್ಯದ ಪಿಸ್ತೂಲುಗಳನ್ನು ಸಜ್ಜುಗೊಳಿಸಿ ಕೊಡುವ ಅಂಗಡಿಯಿಂದ. ನಳಿಗೆಯ ತುದಿಗೆ ಒದೆತ ತಗ್ಗಿಸುವ ತೂಕ, ಮೇಲೊಂದು ದುರ್ಬೀನು, ಬೆರಳು ಸೋಕಿದರೆ ಸಾಕೆನ್ನುವ ಟ್ರಿಗರ್. ಹಾಗೆ ತಾನೇ ಸಜ್ಜುಗೊಳಿಸಿದ ಪಿಸ್ತೂಲಿನಿಂದ ಏಳು ವರ್ಷ ಸತತವಾಗಿ ಊರಿನ ಪಿಸ್ತೂಲು ಕ್ಲಬ್ಬಿನ ಕಪ್ ಗೆದ್ದಿದ್ದ.

೧೯೮೭ರಲ್ಲಿ, ಶಾಲಾ ಬಸ್ಸು ಓಡಿಸುವ ಲೊರೇನ್ ಪಂದ್ಯಕ್ಕೆ ಬರುವುದನ್ನೇ ಬಿಟ್ಟಳು. ದಿನಸಿ ಅಂಗಡಿಯಲ್ಲಿ ಸಿಕ್ಕಾಗ ಆರ್ಲೋ ಕೇಳಿದ.

"ಏನಮ್ಮಾ, ಪಂದ್ಯದ ಕಡೆ ತಲೆನೇ ಹಾಕ್ತಿಲ್ಲ?"

"ನಮ್ಮಪ್ಪನ ಹಳೇ ರಿವಾಲ್ವರ್ ಹಿಡ್ಕೊಂಡು ನಿನ್ನ ಮೆಷಿನ್ ಜೊತೆ ಏನ್ ಜಿದ್ದು? ಗೆಲ್ತಿರೋದು ನೀನೋ ಅದೋ, ನಿಂಗಾದ್ರೂ ಗೊತ್ತಾ?"

ಮಾತು ಮುಳ್ಳಿನಂತೆ ನಾಟಿತು. ಮರುದಿನ ಬೆಳಿಗ್ಗೆ ಅವನು ಸಾದಾ ಪಿಸ್ತೂಲೊಂದನ್ನು ಎತ್ತಿಕೊಂಡು ಒಬ್ಬನೇ ಮೈದಾನಕ್ಕೆ ಹೋದ. ಹತ್ತು ಗುಂಡು ಹಾರಿಸಿದ. ಅದರಲ್ಲಿ ಆರು ಗುರಿಯ ಕಾಗದದ ಅಂಚನ್ನಷ್ಟೇ ಹರಿದವು, ಒಂದು ಎಲ್ಲಿ ಹೋಯಿತೋ ತಿಳಿಯಲೇ ಇಲ್ಲ. ಬಹಳ ಹೊತ್ತು ತನ್ನ ಕೈಯನ್ನೇ ನೋಡುತ್ತ ನಿಂತ.

ಕ್ಲಬ್ಬಿನ ಮುಂದಿನ ಸಭೆಯಲ್ಲಿ ಅವನೇ ಎದ್ದು ಹೇಳಿದ: ಹೊಸದೊಂದು ಪಂದ್ಯ ನಡೆಸೋಣ. ಕಾರ್ಖಾನೆಯಿಂದ ಬಂದ ಹಾಗೆಯೇ ಇರುವ ಪಿಸ್ತೂಲು ಮಾತ್ರ, ಏನೂ ಜೋಡಿಸುವಂತಿಲ್ಲ.

ಕ್ಲಬ್ಬಿನ ಅಧ್ಯಕ್ಷ ವರ್ಜಿಲ್ ನಕ್ಕ. "ಕೂತ ಕೊಂಬೆಗೇ ಕೊಡಲಿ ಹಾಕ್ತಿದೀಯಲ್ಲೋ. ಆಮೇಲೆ ನಿನ್ನ ಅಂಗಡಿ ಬಾಗಿಲಿಗೆ ಯಾರ್ ಬರ್ತಾರೆ?"

ಸಭೆ ಪಂದ್ಯಕ್ಕೆ ಒಪ್ಪಿತು. ವರ್ಜಿಲ್‌ನ ಮಾತೂ ಸುಳ್ಳಾಗಲಿಲ್ಲ. ಎರಡು ವಾರದೊಳಗೆ ಮೂವರು ಗಿರಾಕಿಗಳು ಅರ್ಧ ಕೆಲಸವಾಗಿದ್ದ ಪಿಸ್ತೂಲುಗಳನ್ನು ವಾಪಸು ಒಯ್ದರು. ರಾತ್ರಿ ಊಟಕ್ಕೆ ಕೂತರೆ ತಟ್ಟೆಯಲ್ಲಿ ಆಲೂಗಡ್ಡೆ ತಣ್ಣಗಾಗುತ್ತಿದ್ದರೂ ಆರ್ಲೋ ಮುಟ್ಟುತ್ತಿರಲಿಲ್ಲ.

"ಗಿರಾಕಿ ಹೋಗ್ತಾರೇಂತ ಭಯಾನೋ, ಸೋಲ್ತೀನಿ ಅಂತಾನೋ?" ಹೆಂಡತಿ ಜೋಯ್ಸ್ ಕೇಳಿದಳು.

"ಎರಡೂ."

"ಯಾವ್ದು ಜಾಸ್ತಿ?"

ಅವನು ತಟ್ಟೆ ಎತ್ತಿಕೊಂಡು ಎದ್ದ.

ಪಂದ್ಯದ ದಿನ, ಜೂನ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆಯಾದರೂ ಮೈದಾನದಲ್ಲಿ ನರಪಿಳ್ಳೆಯಿಲ್ಲ. ಆರ್ಲೋ ರಸ್ತೆಯ ಧೂಳನ್ನೇ ನೋಡುತ್ತ ಬೇಲಿಯುದ್ದಕ್ಕೂ ಶತಪಥ ತಿರುಗಿದ. ಹತ್ತರ ಹೊತ್ತಿಗೆ ಹದಿನಾಲ್ಕು ಜನ ಸೇರಿದರು. ಲೊರೇನ್ ಕೂಡ ಬಂದಳು.

ಆರ್ಲೋನ ಸರದಿ ಬಂತು. ಸೀಟಿ ಊದಿದ್ದು ಎಲ್ಲೋ ದೂರದಲ್ಲಿ ಕೇಳಿದಂತಾಯಿತು. ಮೊದಲ ಗುಂಡೇ ಗುರಿಗಿಂತ ಕೆಳಗೆ ಬಿತ್ತು. ಉಳಿದವನ್ನು ಹಲ್ಲು ಕಚ್ಚಿಕೊಂಡು ಮುಗಿಸಿದ.

ಲೊರೇನ್ ಗೆದ್ದಳು. ಆರ್ಲೋ ಒಂಬತ್ತನೆಯವನಾದ. ವರ್ಜಿಲ್ ಸಹ ನಗಲಿಲ್ಲ. ನಕ್ಕಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ.

ಲೊರೇನ್ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಟ್ರಿಗರ್ ಒತ್ತು ಅಂದ್ರೆ ಕಿತ್ಕೊಂಡು ಬರೋ ಹಾಗೆ ಎಳೀತೀಯಲ್ಲ. ಗುರುವಾರ ಮಕ್ಕಳನ್ನೆಲ್ಲ ಇಳಿಸಿ ಬರ್ತೀನಿ. ನೀನೂ ಬಾ, ಹೇಳ್ಕೊಡ್ತೀನಿ."

ಗುರುವಾರ ಅವನು ಅವಳಿಗಿಂತ ಮೊದಲೇ ಹೋಗಿ ಕಾದ. ಅಂಗಡಿಯ ಕೆಲಸ ಅರ್ಧಕ್ಕಿಳಿಯಿತು. ಹುಲ್ಲು ಕತ್ತರಿಸುವ ಯಂತ್ರಗಳ ರಿಪೇರಿಯನ್ನೂ ಹಿಡಿದ. ನಾಲ್ಕು ವರ್ಷಗಳಲ್ಲಿ ಸುತ್ತಲಿನ ಐದು ಊರುಗಳವರು ಅದೇ ನಿಯಮದಲ್ಲಿ ಪಂದ್ಯ ನಡೆಸತೊಡಗಿದರು. ಆರ್ಲೋ ಎಲ್ಲದಕ್ಕೂ ಹೋದ, ಪ್ರತಿ ಸಲವೂ ಹೆದರಿಕೊಂಡೇ. ಒಮ್ಮೆ ನಾಲ್ಕನೆಯವನಾದ. ಅದಕ್ಕಿಂತ ಮೇಲೆ ಏರಲಿಲ್ಲ.