ನಿನ್ನ ಶ್ರುತಿ ಕಪ್ಪು ನಾಲ್ಕು

ಸುಗುಣಾ, ಆ ಬುಧವಾರ ಮಧ್ಯಾಹ್ನ ಚರ್ಚಿನಲ್ಲಿ ನಿನ್ನ ದನಿ ತಾನಾಗಿ ಒಡೆಯಲಿಲ್ಲ. ಒಡೆಯುವಂತೆ ಮಾಡಿದವನು ನಾನು — ಹಾರ್ಮೋನಿಯಂ ಹಿಡಿದು ನಿನ್ನ ಪಕ್ಕದಲ್ಲೇ ಕೂತಿದ್ದ ನಿನ್ನ ‘ಅಣ್ಣಾರು’.

ಮೊದಲಿನಿಂದಲೇ ಹೇಳಿಬಿಡುತ್ತೇನೆ. ಸನತ್‌ನಗರದ ಕಾರ್ಖಾನೆಯಲ್ಲಿ ನಾವಿಬ್ಬರೂ ಕಂಪ್ಯೂಟರ್ ಮೇಜು ಮಾಡುತ್ತಿದ್ದ ಕಾಲ. ಊರಾಚೆ ಗಾಜಿನ ಆಫೀಸುಗಳು ಒಂದರ ಹಿಂದೊಂದು ಏಳುತ್ತಿದ್ದವು, ನಮಗೆ ತಲೆ ಎತ್ತಲು ಪುರುಸೊತ್ತಿರಲಿಲ್ಲ. ನೀನು ಹಲಗೆ ಉಜ್ಜುತ್ತಿದ್ದೆ, ನಾನು ಸ್ಟೋರಿನಲ್ಲಿದ್ದೆ. ಬುಧವಾರ ಊಟದ ಬಿಡುವಿನಲ್ಲಿ ಹತ್ತಿರದ ಚರ್ಚಿನಲ್ಲಿ ಪುಕ್ಕಟೆ ಸಂಗೀತ. ನೀನು ಯಾರು, ಯಾವ ಮತ ಎಂದು ಕೇಳುವವರಿಲ್ಲ. ಜಗಲಿಯಲ್ಲಿ ಡಬ್ಬಿ ಬಿಚ್ಚಿ ಉಂಡು, ಕೈ ತೊಳೆದು ಒಳಗೆ ಬಂದು ಕೂತರಾಯಿತು. ಮೊದಲೆಲ್ಲ ಅಲ್ಲಿ ಹಾಡುತ್ತಿದ್ದವನು ನಾನೇ. ನೀನು ಬೀದರಿನಿಂದ ಬಂದು ಒಂದು ಕೀರ್ತನೆ ಹಾಡಿದೆ ನೋಡು — ಫಾದರ್ ನನ್ನನ್ನು ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಕೂರಿಸಿದರು. ಹೊಟ್ಟೆಕಿಚ್ಚು ಅಂದರೇನೆಂದು ಆಗ ಗೊತ್ತಾಯಿತು.

ಚರ್ಚಿನ ಶಾಲೆಗೆ ಹಾಡು ಕಲಿಸುವವರು ಬೇಕು, ಬರುವ ಬುಧವಾರ ಇಬ್ಬರ ಹಾಡೂ ಕೇಳಿ ಒಬ್ಬರನ್ನು ಆರಿಸುತ್ತೇನೆ ಎಂದರು ಫಾದರ್. ನಿನಗೆ ಆ ಧೂಳಿನಿಂದ ಬಿಡುಗಡೆ ಬೇಕಿತ್ತು. ನನಗೂ ಬೇಕಿತ್ತು — ಅಲ್ಲ, ಸುಳ್ಳು. ನಿನಗೆ ಸಿಗಬಾರದು, ಅಷ್ಟೇ ನನಗೆ ಬೇಕಿದ್ದದ್ದು.

ನಿನ್ನ ಶ್ರುತಿ ಕಪ್ಪು ನಾಲ್ಕು. ಅಂದರೆ ಹಾರ್ಮೋನಿಯಂನ ನಾಲ್ಕನೇ ಕಪ್ಪು ಮನೆ; ಈ ಮನೆಗಳ ಲೆಕ್ಕ ನಿನಗೆ ಗೊತ್ತಿರಲಿಲ್ಲ. ನಾನು ಸ್ವರ ಕೊಡುತ್ತಿದ್ದೆ, ನೀನು ಕಣ್ಣು ಮುಚ್ಚಿ ಹಿಡಿಯುತ್ತಿದ್ದೆ. ಆ ದಿನ ನಾನು ಬೆರಳಿಟ್ಟದ್ದು ಅದರ ಮುಂದಿನ, ಒಂದು ಸ್ವರ ಎತ್ತರದ ಕಪ್ಪು ಮನೆಯ ಮೇಲೆ. ಪಲ್ಲವಿ ಹೇಗೋ ದಾಟಿತು. ಮೇಲಿನ ಷಡ್ಜಕ್ಕೆ ಏರುವಾಗ ಒಮ್ಮೆ ಕಣ್ಣು ತೆರೆದು ನನ್ನತ್ತ ನೋಡಿದೆ — ಆಗಲಾದರೂ ಇಳಿಸಬಹುದಿತ್ತು. ಇಳಿಸಲಿಲ್ಲ. ದನಿ ಒಡೆಯಿತು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆಮೇಲೆ ನಾನು ನನ್ನ ಶ್ರುತಿಯಲ್ಲಿ ಹಾಡಿದೆ, ಚೆನ್ನಾಗಿಯೇ ಹಾಡಿದೆ.

ಜಗಲಿಯಲ್ಲಿ ನೀನು ಕೇಳಿದೆ: “ಏನಾತ್ರಿ ಅಣ್ಣಾರ ನನ್ನ ಗಂಟಲಕ್ಕ?”

“ಕಟಗಿ ಧೂಳ, ತಂಗಿ. ಗಂಟಲ ಹಿಡದೈತಿ. ಇನ್ನ ಎತ್ತರಕ್ಕ ಹೋಗಬ್ಯಾಡ, ಪೂರ್ತಿ ಹೋದೀತು.”

ಶ್ರುತಿ ಏರಿಸಿದ್ದನ್ನು ಒಂದು ಗಳಿಗೆಯ ಕೆಟ್ಟಬುದ್ಧಿ ಅನ್ನಬಹುದೇನೋ. ಈ ಮಾತನ್ನು ಮಾತ್ರ — ಯೋಚಿಸಿಯೇ ಹೇಳಿದೆ. ನೀನು ನಂಬಿದೆ, ಮತ್ತೆಂದೂ ಹಾಡಲಿಲ್ಲ. ಶಾಲೆಯ ಕೆಲಸ ನನಗೆ ಸಿಕ್ಕಿತು. ಶ್ರುತಿ ಶುದ್ಧವಾಗಿರಬೇಕು ಎಂದು ಇಷ್ಟು ವರ್ಷ ಮಕ್ಕಳಿಗೆ ನಾನು ಪಾಠ ಹೇಳಿದ್ದೇನೆ.

ಹೋದ ತಿಂಗಳು ನಾಂಪಲ್ಲಿ ಸ್ಟೇಷನ್ನಿನಲ್ಲಿ ನೀನೇ ನನ್ನ ಗುರುತು ಹಿಡಿದೆ. “ಮಾವಾರಿಗೆ ನಮಸ್ಕಾರ ಮಾಡವ್ವಾ” ಎಂದು ಮಗಳನ್ನು ಮುಂದೆ ತಂದೆ, ನಾಚಾರಂನ ಮನೆಗೆ ಬರಬೇಕೆಂದು ವಿಳಾಸ ಕೊಟ್ಟೆ. ಹುಡುಗಿ ಹಾಡುತ್ತಾಳೇನು ಎಂದು ನಾನು ಬರೀ ಮಾತಿಗೆ ಕೇಳಿದೆ.

“ಭಾಳ ಹಾಡತಿದ್ಲರಿ. ನಾನ ಬಿಡಿಸೀನಿ. ನಮ್ಮ ಗಂಟಲ ಎತ್ತರಕ್ಕ ಹೋದ್ರ ಒಡೀತೈತಲ್ರಿ... ನೀವ ಹೇಳಿದ್ರಿ.”

ಅಷ್ಟರಲ್ಲಿ ನಿಮ್ಮ ರೈಲು ಬಂತು. ನಾನು ಹೌದೆಂದು ತಲೆಯಾಡಿಸಿದೆ — ಅದೇ ಸುಳ್ಳು, ಎರಡನೇ ಸಲ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಈ ಬುಧವಾರ ನಾಚಾರಂಗೆ ಬಂದು ನಿನ್ನ ಮಗಳ ಎದುರಿಗೇ ಓದುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತು ಓದುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ಆ ಹುಡುಗಿಗೆ ಮಾತ್ರ ಗೊತ್ತಾಗಬೇಕು — ಅವಳ ತಾಯಿಯ ಗಂಟಲು ಎಂದೂ ಕೆಟ್ಟಿರಲಿಲ್ಲ.