ಲಗ್ನಪತ್ರಿಕೆಯ ಹಿಂಬದಿ

ಸೂಜಿಗೆ ದಾರ ಪೋಣಿಸಲಾಗದಷ್ಟು ಕಣ್ಣು ಮಂಜಾದಾಗ, ಅಕ್ಕನ ಹಳೆಯ ಚಷ್ಮಾ ಸಿಗಬಹುದೆಂದು ಟ್ರಂಕು ತೆಗೆದೆ. ಮೈದಾ ಅಂಟಿನ ಮುಗ್ಗು ವಾಸನೆ ಬಂತು. ಕಿಟಕಿಯ ಹಾಗೆ ಕತ್ತರಿಸಿದ ಸೀರೆ ಡಬ್ಬಿ, ಅದರೊಳಗೆ ಅಂಗೈಯಗಲದ ಕಾರ್ಡುಗಳು. ಒಂದು ಬದಿಗೆ ಅಕ್ಕ ಬಿಡಿಸಿದ ಚಿತ್ರ: ಕಣ್ಣು, ಹಲ್ಲು, ಬಸುರಿ. ಇನ್ನೊಂದು ಬದಿಗೆ ಅಚ್ಚಾದ ನನ್ನ ಹೆಸರು, ಪಕ್ಕದಲ್ಲಿ ಲಿಂಗಸುಗೂರಿನ ಆ ಹುಡುಗನ ಹೆಸರು.

ಹನ್ನೆರಡು ವರ್ಷದ ಹಿಂದಿನ ಮಾತು. ನನ್ನ ಮದುವೆ ಮುರಿದು ಮೂರು ತಿಂಗಳಾಗಿತ್ತು. ಹಂಚದ ಪತ್ರಿಕೆಗಳು ಮಸ್ಕಿಯ ನಮ್ಮ ಮನೆಯ ಗೂಡಿನಲ್ಲಿ ಹಾಗೇ ಇದ್ದವು. ಅಕ್ಕ ಓದಿದವಳು, ಮಷೀನಿನ ಪರದೆಯ ಮೇಲೆ ಏನು ಎಲ್ಲಿರಬೇಕೆಂದು ಬರೆದುಕೊಡುವುದು ಅವಳ ಕೆಲಸ. ಓದು ಬಾರದವರೂ ಕಾಯಿಲೆಯ ಚಿತ್ರ ಒತ್ತಿ ಡಾಕ್ಟರರ ಚೀಟಿ ತೆಗೆಯುವಂಥ ಮಷೀನನ್ನು ಸಿಂಧನೂರಿನ ಒಂದು ಆಸ್ಪತ್ರೆಯವರು ಕೇಳಿದ್ದರು. ಮೊದಲು ಕಾಗದದಲ್ಲೇ ಆಡಿಸಿ ನೋಡಬೇಕು ಎನ್ನುವುದು ಅವಳ ರೀತಿ. "ಗಟ್ಟಿ ಕಾಗದ ಐತಿ, ಯಾಕ ಹಾಳ ಮಾಡಬೇಕು?" ಎಂದವಳೇ ಪತ್ರಿಕೆಗಳನ್ನು ಕತ್ತರಿಸಿದಳು. ನನ್ನನ್ನು ಕೇಳಲಿಲ್ಲ... ಕತ್ತರಿ ಮಾತ್ರ ನನ್ನದೇ, ಹೊಲಿಗೆಯದು.

ಮಷೀನೂ ನಾನೇ ಆದೆ. ಎದುರಿನವರು ಡಬ್ಬಿಯ ನೆತ್ತಿಗೆ ಅಂಟಿಸಿದ ಚಿತ್ರಗಳಲ್ಲಿ ಒಂದನ್ನು ಒತ್ತಿದರೆ, ನಾನು ಹಿಂದೆ ಕೂತು ಅದಕ್ಕೆ ತಕ್ಕ ಕಾರ್ಡನ್ನು ಕಿಟಕಿಗೆ ತಳ್ಳಬೇಕು.

"ನೀ ಬಾಯಿ ಬಿಡಾಂಗಿಲ್ಲ ಬೇ. ಮಷೀನು ಮಾತಾಡತೈತೇನು?" ಎಂದಳು ಅಕ್ಕ.

ಎದುರಿನವರಿಗೆ ಅವಳ ಚಿತ್ರ ಕಾಣುತ್ತಿತ್ತು. ಹಿಂದೆ ಕೂತ ನನಗೆ ಪ್ರತಿ ಸಲವೂ ಆ ಎರಡು ಹೆಸರು. ಹತ್ತು ದಿನ ಮನೆಯಲ್ಲಿ ಆಡಿಸಿದೆವು. ಹತ್ತು ದಿನವೂ ನಾನು ಒಳಗೊಳಗೇ ಹಲ್ಲು ಮಸೆದೆ.

ಆಸ್ಪತ್ರೆಯಲ್ಲಿ ತೋರಿಸುವ ದಿನ ಡಾಕ್ಟರರ ಮುಂದೆ ಜವಳಗೇರಾದ ಒಬ್ಬ ಮುದುಕಿಯನ್ನು ಕೂರಿಸಿದ್ದರು. ಅವಳು ಕಣ್ಣಿನ ಚಿತ್ರ ಒತ್ತಿದಳು. ನಾನು ಬಸುರಿಯ ಕಾರ್ಡು ತಳ್ಳಿದೆ. ಬೇಕೆಂದೇ ತಳ್ಳಿದೆ.

"ಯವ್ವಾ, ಕಣ್ಣು ಕಾಣವಲ್ಲವಂತ ಬಂದ್ರ ಬಸುರಿ ಮಾಡಾಕತ್ತೈತಲ್ಲ ಇದು!"

ಎಲ್ಲರೂ ನಕ್ಕರು. ಮತ್ತೆ ಒತ್ತಿದಳು, ಮತ್ತೆ ಅದೇ. ಮೂರನೆಯ ಸಲ ಮುದುಕಿ ನಗಲಿಲ್ಲ. "ನಂಗ ಬರಾಂಗಿಲ್ಲ ಬಿಡ್ರಿ" ಎಂದು ಸೆರಗು ಎಳೆದುಕೊಂಡು ಎದ್ದು ಹೋದಳು.

"ಚಿತ್ರ ಗಿತ್ರ ನಮ್ಮ ಮಂದಿಗೆ ನಡಿಯಾಂಗಿಲ್ಲವ್ವ" ಎಂದರು ಡಾಕ್ಟರು.

ಅಕ್ಕ ಡಬ್ಬಿಯ ಹಿಂದೆ ಬಗ್ಗಿ ನೋಡಿದಳು. ಕಣ್ಣಿನ ಕಾರ್ಡು ನನ್ನ ತೊಡೆಯ ಕೆಳಗಿತ್ತು. ನನ್ನ ಒಂದು ಮಾತು ಸಾಕಿತ್ತು. ನಾನು ಮಷೀನಿನ ಹಾಗೆ ಕೂತೆ. "ತಪ್ಪು ನಂದರಿ" ಎಂದು ಅವಳೇ ಹೇಳಿದಳು.

ಆ ಕೆಲಸ ಅಕ್ಕನ ಕೈತಪ್ಪಿತು. ಅವಳು ಆ ಮಾತನ್ನು ಎಂದೂ ಎತ್ತಲಿಲ್ಲ, ನಾನೂ ಒಪ್ಪಿಕೊಳ್ಳಲಿಲ್ಲ... ಜ್ವರದಲ್ಲಿ ಅವಳು ಹೋಗಿ ಈಗ ಎರಡು ವರ್ಷ.

ಚಷ್ಮಾ ಸಿಗಲಿಲ್ಲ. ಮೊನ್ನೆ ಅದೇ ಆಸ್ಪತ್ರೆಗೆ ಹೋದೆ. ಬಾಗಿಲಲ್ಲೇ ಚೀಟಿ ಕೊಡುವ ಗಾಜಿನ ಮಷೀನು, ಮೈತುಂಬ ಇಂಗ್ಲಿಷ್ ಅಕ್ಷರ. "ಕಣ್ಣಿಗೆ ಯಾವ್ದು ಒತ್ತಬೇಕಕ್ಕ?" ಎಂದು ಹಿಂದಿದ್ದ ಹೆಂಗಸು ಕೇಳಿದಳು. ಏಳನೇ ತರಗತಿಗೆ ಶಾಲೆ ಬಿಟ್ಟವಳು ನಾನು. ನನಗೂ ತಿಳಿಯಲಿಲ್ಲ.

ಪತ್ರಿಕೆ ಕತ್ತರಿಸಿದ ಸಿಟ್ಟು ಪೂರ್ತಿ ಇಳಿದಿದೆ ಎಂದರೆ ಸುಳ್ಳಾಗುತ್ತದೆ. ಆದರೂ ಅಂದು ತೊಡೆಯ ಕೆಳಗೆ ಅಡಗಿಸಿದ್ದ ಕಾರ್ಡನ್ನು ಹೊಲಿಗೆ ಮಷೀನಿನ ಪಕ್ಕದ ಗೋಡೆಗೆ ಅಂಟಿಸಿದ್ದೇನೆ, ಹೆಸರುಗಳು ಗೋಡೆಯ ಕಡೆಗೆ. ಮಂಜಾದ ಕಣ್ಣಿಗೂ ತಿಳಿಯುತ್ತದೆ, ಅದು ಕಣ್ಣಿನ ಚಿತ್ರ.