ಗೋಡೆಗೆ ಎಸೆದ ಎರಡು ಮುದ್ದೆ

ನಂಜನಗೂಡಿನ ಕಾಲೇಜಿನಲ್ಲಿ ನಮಗೆ ಭೌತಶಾಸ್ತ್ರ ಹೇಳುತ್ತಿದ್ದ ಅತಿಥಿ ಉಪನ್ಯಾಸಕರ ಅಂಗಿ ಯಾವ ಬಣ್ಣದ್ದೆಂದು ಬರೆದರೆ, ಅದು ನೆನಪಲ್ಲ, ನಾನು ಈಗ ಬಳಿದ ಬಣ್ಣ. ಮಾತು ಮಾತ್ರ ಅವರದೇ: “ಕಂಡದ್ದ ಬರೀರಿ, ಕಾಣ್ಬೇಕಾಗಿದ್ದನ್ನಲ್ಲ.”

ನ್ಯೂಕ್ಲಿಯಸ್‌ಗಳ ಡಿಕ್ಕಿ ಅವರ ಸಂಶೋಧನೆಯ ವಿಷಯ. ಹೀಲಿಯಂನದು ಬಿಗಿ, ಸುಲಭಕ್ಕೆ ಒಡೆಯುವುದಿಲ್ಲ. ಲಿಥಿಯಂನದು ಸಡಿಲ, ಎದುರಿನದರ ಜೊತೆ ಕೂಡುವ ಮೊದಲೇ ಎಷ್ಟೋ ಸಲ ಒಡೆದುಹೋಗುತ್ತದೆ.

ಮುಂದಿನ ವರ್ಷಕ್ಕೆ ಅವರನ್ನು ಇಟ್ಟುಕೊಳ್ಳಬೇಕೇ ಎಂದು ತೀರ್ಮಾನಿಸುವವರು ಪಾಠ ನೋಡಲು ಬರುವ ದಿನ, ಇದನ್ನೇ ತೋರಿಸಲೆಂದು ಸರ್ ತಮ್ಮೂರು ದೇವನೂರಿನಿಂದ ಬಸ್ಸಿನಲ್ಲಿ ಎರಡು ರಾಗಿಮುದ್ದೆ ತಂದರು. ಒಂದು ಚೆನ್ನಾಗಿ ತೊಳಸಿ ಕಟ್ಟಿದ್ದು, ಇನ್ನೊಂದು ಬೇಕೆಂದೇ ಸಡಿಲ ಬಿಟ್ಟದ್ದು. ಬರುವವರು ತಡಮಾಡಿದರೆಂದು ಕಾಯದೆ ಎರಡನ್ನೂ ಗೋಡೆಗೆ ಎಸೆದರು. ಸಡಿಲವಾದದ್ದು ಗಾಳಿಯಲ್ಲೇ ಉದುರಬೇಕಿತ್ತು. ಎರಡೂ ಕಲ್ಲಿನಂತೆ ಬಡಿದು ಇಡಿಯಾಗಿ ಬಿದ್ದವು.

ಬರಬೇಕಾದವರು ಚಹಾ ಮುಗಿಸಿ ಆಗಷ್ಟೇ ಒಳಗೆ ಬಂದರು.

“ಏನಾಯ್ತಮ್ಮ? ಬರ್ದಿರೋದ ಓದು,” ಎಂದು ಅವರಲ್ಲೊಬ್ಬರು ನನ್ನನ್ನು ಕೇಳಿದರು.

ಸರ್ ಕೆಲಸ ಉಳಿಯಲೆಂದು ನಾನು ಆಗಲೇ ಬರೆದಿದ್ದೆ. “ಸಡಿಲ ಮುದ್ದೆ ಗೋಡೆ ತಲುಪುವ ಮೊದಲೇ ಒಡೆಯಿತು,” ಎಂದು ಓದಿದೆ.

“ಎಲ್ಲಮ್ಮ ಒಡೀತು?” ಸರ್ ನನ್ನ ಪುಸ್ತಕ ಕಸಿದು ಆ ಸಾಲಿಗೆ ಕೆಂಪು ಗೀಟು ಎಳೆದರು. “ಒಡೀಲಿಲ್ಲ ಸಾ. ಬಸ್ನಲ್ಲಿ ಆರಿ ಗಟ್ಟಿಯಾಗ್ಬುಟ್ಟದೆ.”

“ಮುದ್ದೆ ಆರಿದ್ರೆ ಕಲ್ಲಾಯ್ತದೆ ಅಂತ ಗೊತ್ತಿಲ್ವೇನ್ರೀ?”

“ಉಣ್ಣೋವಾಗ ಗೊತ್ತಿರ್ತದೆ ಸಾ. ಪಾಠ ಮಾಡೋವಾಗ ಮರ್ತೋಯ್ತು.”

ಮುಂದಿನ ವರ್ಷ ಸರ್ ಬರಲಿಲ್ಲ. ನನ್ನ ನೆನಪಿನಲ್ಲಿ ಆ ಮುದ್ದೆ ಈಗಲೂ ಗಾಳಿಯಲ್ಲೇ ಒಡೆಯುತ್ತದೆ. ಪುಸ್ತಕ ತೆಗೆದು ಕೆಂಪು ಗೀಟು ನೋಡಿದರೆ ಒಡೆಯುವುದಿಲ್ಲ.